ಇನ್ಶೂರೆನ್ಸ್ ಕ್ಲೇಮಿನಲ್ಲಿ ಮನೆ ರಿಪೇರಿ: ಕೆಲಸದವರನ್ನು ಹಿಡಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಹಾನಿಯಾದಾಗ ಎರಡು ತಲೆನೋವು ಒಟ್ಟಿಗೆ ಶುರುವಾಗುತ್ತವೆ. ಒಂದು ರಿಪೇರಿ, ಇನ್ನೊಂದು ಕ್ಲೇಮು. ಪ್ಲಂಬರ್‌ಗೆ ಪೈಪು ಗೊತ್ತು, ಪಾಲಿಸಿ ಗೊತ್ತಿಲ್ಲ. ಹಾನಿ ಲೆಕ್ಕ ಹಾಕಲು ಇನ್ಶೂರೆನ್ಸ್ ಕಂಪನಿ ಕಳಿಸುವ ಸರ್ವೇಯರ್‌ಗೆ ಪಾಲಿಸಿ ಗೊತ್ತು, ಆದರೆ ಅವರು ನಿಮ್ಮ ಮನೆಯಲ್ಲಿ ಇರುವುದು ಸ್ವಲ್ಪ ಹೊತ್ತು ಮಾತ್ರ. ಇವರಿಬ್ಬರ ನಡುವೆ ಓಡಾಡುವವರು ನೀವೇ. ನಮ್ಮ ಮನೆಯಲ್ಲಿ ಮೇಲಿನ ಬಾತ್‌ರೂಮಿನ ಪೈಪು ಒಡೆದು ಅಡುಗೆಮನೆಯ ಸೀಲಿಂಗ್ ಪೂರ್ತಿ ನೆನೆದಾಗ ಇದನ್ನೆಲ್ಲ ನಾನು ಪೆಟ್ಟು ತಿಂದೇ ಕಲಿತೆ. ಆಮೇಲೆ ನೆಂಟರು, ಸ್ನೇಹಿತರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಷರತ್ತುಗಳು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಹಾಗಾಗಿ ನಿಮ್ಮ ಪಾಲಿಸಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

ಈಗಷ್ಟೇ ನೀರು ನುಗ್ಗಿದೆ. ಮೊದಲು ಫೋನ್ ಮಾಡಬೇಕಾದ್ದು ಕಂಪನಿಗಾ, ಪ್ಲಂಬರ್‌ಗಾ?

ಇಬ್ಬರಿಗೂ ಮೊದಲು ವಾಲ್ವ್ ತಿರುಗಿಸಿ. ನೀರು ನಿಲ್ಲಬೇಕು. ನೀರು ಸ್ವಿಚ್ ಬೋರ್ಡ್ ಕಡೆ ಅಥವಾ ಲೈಟಿನ ಕಡೆ ಹರಿದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ. ಆದರೆ ಬೋರ್ಡಿನ ಹತ್ತಿರ ಹೋಗಲು ನೀರಿನಲ್ಲೇ ನಿಲ್ಲಬೇಕು ಅಂತಾದರೆ ಹೋಗಬೇಡಿ, ಎಲೆಕ್ಟ್ರಿಷಿಯನ್ ಬರಲಿ.

ಆಮೇಲೆ ಫೋಟೋ. ಒರೆಸುವ ಮುಂಚೆ ತೆಗೆಯಿರಿ. ದೂರದಿಂದ ಒಂದು, ಹತ್ತಿರದಿಂದ ಒಂದು, ನೀರು ಎಲ್ಲಿಂದ ಬರುತ್ತಿದೆ ಅನ್ನುವುದರ ವೀಡಿಯೋ ಒಂದು. ಇದಕ್ಕೆ ಐದು ನಿಮಿಷ ಸಾಕು. ನಂತರ ಪ್ಲಂಬರ್‌ಗೂ ಕಂಪನಿಗೂ ಒಂದಾದ ಮೇಲೊಂದು ಫೋನ್ ಮಾಡಿ. ಕಂಪನಿಯವರು ಕೊಡುವ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಯಾರ ಜೊತೆ ಎಷ್ಟು ಗಂಟೆಗೆ ಮಾತಾಡಿದಿರಿ ಅನ್ನುವುದೂ ಅದೇ ಹಾಳೆಯಲ್ಲಿರಲಿ.

"ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬಾರದು" ಅಂತ ಎಷ್ಟೋ ಜನ ಕೈಕಟ್ಟಿ ಕೂರುತ್ತಾರೆ. ಇದು ತಪ್ಪು. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ ಅಂತ ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳಲ್ಲೂ ಬರೆದಿರುತ್ತದೆ. ಒದ್ದೆಯಾದ ಗೋಡೆ, ಮರ, ಹಾಸಿಗೆಗಳ ಮೇಲೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಮೂರು ದಿನ ಸುಮ್ನೆ ಬಿಟ್ಟು ಬೂಷ್ಟು ಹಿಡಿದರೆ, ಆ ಭಾಗಕ್ಕೆ ದುಡ್ಡು ಕೊಡುವುದಿಲ್ಲ ಅಂತ ಅವರು ಹೇಳಿದರೆ ನೀವು ವಾದ ಮಾಡುವುದು ಕಷ್ಟ.

ತಾತ್ಕಾಲಿಕ ರಿಪೇರಿ ಅಂದ್ರೆ ಎಲ್ಲಿಯವರೆಗೆ?

ಒಡೆದ ಪೈಪಿಗೆ ಮುಚ್ಚಳ ಹಾಕುವುದು, ಹಾರಿದ ಹೆಂಚಿನ ಜಾಗಕ್ಕೆ ಟಾರ್ಪಾಲ್ ಕಟ್ಟುವುದು, ಒಡೆದ ಕಿಟಕಿಗೆ ಪ್ಲೈವುಡ್ ಹೊಡೆಯುವುದು, ನೀರು ಎತ್ತಿ ಹಾಕಿ ಫ್ಯಾನ್ ಹಚ್ಚುವುದು. ಅಷ್ಟೇ. ಸೀಲಿಂಗ್ ಕೆಡವುವುದು, ಟೈಲ್ಸ್ ಕಿತ್ತು ಹೊಸದು ಹಾಕುವುದು ಇದರಲ್ಲಿ ಬರುವುದಿಲ್ಲ. ಅದಕ್ಕೆ ಕಂಪನಿಯ ಒಪ್ಪಿಗೆ ಬೇಕು. ಒಪ್ಪಿಗೆ ಮಾತಲ್ಲಿ ಸಿಕ್ಕರೆ ಸಾಲದು, ಒಂದು ಮೆಸೇಜೋ ಈಮೇಲೋ ಇರಬೇಕು. ತಾತ್ಕಾಲಿಕ ಕೆಲಸದ ಖರ್ಚೂ ಸಾಮಾನ್ಯವಾಗಿ ಕ್ಲೇಮಿಗೆ ಸೇರುತ್ತದೆ, ಹಾಗಾಗಿ ಟಾರ್ಪಾಲ್ ತಂದ ರಸೀದಿಯನ್ನೂ ಎಸೆಯಬೇಡಿ.

ಒಡೆದ ಸಾಮಾನನ್ನು ಯಾಕೆ ಇಟ್ಟುಕೊಳ್ಳಬೇಕು?

ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮಲ್ಲಿ ಒಡೆದದ್ದು ಬಾತ್‌ರೂಮ್ ಪೈಪಿನ ಎಲ್ಬೋ, ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ತುಂಡು. ಪ್ಲಂಬರ್ ಅದನ್ನು ಕತ್ತರಿಸಿ ತೆಗೆದು ಕಸದ ಬಕೆಟ್ಟಿಗೆ ಹಾಕುತ್ತಿದ್ದರು. ಯಾಕೋ ನಾನು ಬೇಡ ಅಂದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದಿಟ್ಟೆ. ನಾಲ್ಕು ದಿನದ ಮೇಲೆ ಸರ್ವೇಯರ್ ಬಂದವರು ಸೀಲಿಂಗ್ ನೋಡಿ, "ಇದು ಬಹಳ ದಿನದಿಂದ ಸೋರುತ್ತಿದ್ದ ಹಾಗಿದೆ" ಅಂದರು. ನಾನು ಕವರು ತಂದು ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬಿರುಕಿನ ಅಂಚು ಬೆಳ್ಳಗೆ, ಚೊಕ್ಕವಾಗಿತ್ತು. ತಿಂಗಳುಗಟ್ಟಲೆ ಜಿನುಗಿದ್ದರೆ ಅಲ್ಲಿ ಸುಣ್ಣದಂಥ ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ, ಕೊಳೆ ಇಳಿದಿರುತ್ತದೆ. ಅದು ಇರಲಿಲ್ಲ. "ಇದು ಒಮ್ಮೆಲೇ ಒಡೆದದ್ದು" ಅಂತ ಬರೆದುಕೊಂಡರು. ನಮ್ಮ ಕ್ಲೇಮು ನಿಂತದ್ದು ಆ ಒಂದು ತುಂಡಿನ ಮೇಲೆ.

ಇನ್ನೊಂದು ಕಾರಣವೂ ಇದೆ. ವಾಷಿಂಗ್ ಮೆಷಿನ್ ಅಥವಾ ಗೀಸರ್‌ನ ತಯಾರಿಕೆಯಲ್ಲೇ ದೋಷ ಇದ್ದು ಹಾನಿಯಾಗಿದ್ದರೆ, ನಿಮಗೆ ದುಡ್ಡು ಕೊಟ್ಟ ಮೇಲೆ ಕಂಪನಿ ಆ ತಯಾರಕರಿಂದ ವಸೂಲಿ ಮಾಡಲು ಹೋಗಬಹುದು. ಆಗ ಆ ಸಾಮಾನೇ ಸಾಕ್ಷಿ. ಕ್ಲೇಮು ಪೂರ್ತಿ ಮುಗಿಯುವವರೆಗೆ ಯಾವುದನ್ನೂ ಗುಜರಿಗೆ ಹಾಕಬೇಡಿ.

ಕೆಲಸದವರನ್ನು ನಾನೇ ಆರಿಸಬಹುದಾ, ಅಥವಾ ಕಂಪನಿ ಹೇಳಿದವರೇ ಆಗಬೇಕಾ?

ಬಹಳ ಪಾಲಿಸಿಗಳಲ್ಲಿ ಆಯ್ಕೆ ನಿಮ್ಮದೇ. ಕೆಲವು ಕಂಪನಿಗಳು ತಮ್ಮದೇ ಒಂದು ಪಟ್ಟಿ ಇಟ್ಟುಕೊಂಡಿರುತ್ತವೆ. ಕೆಲವು ಪಾಲಿಸಿಗಳಲ್ಲಿ ಆ ಪಟ್ಟಿಯವರನ್ನೇ ಕರೆಯಬೇಕು ಅಂತಲೋ, ಬೇರೆಯವರನ್ನು ಕರೆದರೆ ಇಷ್ಟೇ ಕೊಡುತ್ತೇವೆ ಅಂತಲೋ ಷರತ್ತಿರುತ್ತದೆ. ಅದನ್ನು ಮೊದಲೇ ನೋಡಿಕೊಳ್ಳಿ.

ಪಟ್ಟಿಯವರನ್ನು ಕರೆದರೆ ನಿಮ್ಮ ಓಡಾಟ ಕಡಿಮೆ. ದರದ ಜಗಳ ಅವರವರಲ್ಲೇ ಮುಗಿಯುತ್ತದೆ. ಎಷ್ಟೋ ಕಡೆ ಆ ಕೆಲಸಕ್ಕೆ ಕಂಪನಿಯೇ ಗ್ಯಾರಂಟಿ ಕೊಡುತ್ತದೆ, ಅದು ಎಷ್ಟು ಕಾಲಕ್ಕೆ ಅಂತ ಬರೆದು ಕೊಡಿ ಅಂತ ಕೇಳಿ. ತೊಂದರೆ ಏನೆಂದರೆ, ಅವರಿಗೆ ನಾಳೆಯೂ ಕೆಲಸ ಕೊಡುವವರು ಕಂಪನಿಯವರೇ. ಖರ್ಚು ಕಡಿಮೆ ಮಾಡುವ ಒತ್ತಡ ಅವರ ಮೇಲಿರುತ್ತದೆ. ನೀವು ಆರಿಸಿದವರಾದರೆ ನಿಮ್ಮ ಮಾತು ಕೇಳುತ್ತಾರೆ, ಆದರೆ ಅವರ ದರ ಕಂಪನಿಯ ಲೆಕ್ಕಕ್ಕಿಂತ ಜಾಸ್ತಿ ಇದ್ದರೆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ನೇರ ಕೆಲಸಕ್ಕೆ ಪಟ್ಟಿಯವರೇ ಸಾಕು. ಕಾರಣವೇ ಸರಿಯಾಗಿ ಗೊತ್ತಿಲ್ಲದ ಹಾನಿ, ಬೆಂಕಿಯ ಹಾನಿ, ಗೋಡೆ ಬಿರುಕು, ಇಂಥದ್ದಕ್ಕೆ ನಿಮಗೆ ನಂಬಿಕೆ ಇರುವ ಒಬ್ಬರ ಕಣ್ಣು ಬೇಕು. ಅವರಿಂದ ಕೆಲಸ ಮಾಡಿಸದಿದ್ದರೂ ಸರಿ, ಒಮ್ಮೆ ಕರೆದು ತೋರಿಸಿ.

ಯಾರನ್ನೇ ಕರೆಯಿರಿ, ಇದೊಂದು ನೆನಪಿರಲಿ. ನೀವೇ ಕರೆದು ಕೆಲಸ ಒಪ್ಪಿಸಿದರೆ ಆ ಒಪ್ಪಂದ ನಿಮ್ಮಿಬ್ಬರದ್ದು. ಕಂಪನಿ ದುಡ್ಡು ಕೊಡಲಿ ಬಿಡಲಿ, ತಡ ಮಾಡಲಿ, ಬಿಲ್ಲು ಕೊಡಬೇಕಾದವರು ನೀವು. "ಇನ್ಶೂರೆನ್ಸ್ ಬರುತ್ತಲ್ಲ" ಅಂತ ಲೆಕ್ಕ ಕೇಳದೆ ಕೆಲಸ ಒಪ್ಪಿಸಿದವರು ಕೊನೆಗೆ ಒದ್ದಾಡುವುದು ಇಲ್ಲೇ.

ದುಡ್ಡಿನ ಬದಲು ಕಂಪನಿಯೇ ಮನೆ ಸರಿ ಮಾಡಿಸಿ ಕೊಡಬಹುದಾ?

ಹೌದು, ಹಲವು ಪಾಲಿಸಿಗಳಲ್ಲಿ ಆ ಹಕ್ಕು ಕಂಪನಿಗೆ ಇರುತ್ತದೆ. ಇದು ಹಳೇ ಪದ್ಧತಿ. 1666ರ ಲಂಡನ್ ಬೆಂಕಿಯಲ್ಲಿ 13,000ಕ್ಕೂ ಹೆಚ್ಚು ಮನೆಗಳು ಸುಟ್ಟ ಮೇಲೆಯೇ ಮನೆಗೆ ಬೆಂಕಿ ವಿಮೆ ಅನ್ನುವ ವ್ಯಾಪಾರ ಅಲ್ಲಿ ಹುಟ್ಟಿದ್ದು. 1774ರಲ್ಲಿ ಅಲ್ಲಿ ಬಂದ ಒಂದು ಕಾನೂನು, ಮನೆಯಲ್ಲಿ ಹಕ್ಕಿರುವವರು ಕೇಳಿದರೆ ವಿಮೆ ದುಡ್ಡನ್ನು ಆ ಮನೆಯನ್ನು ಮತ್ತೆ ಕಟ್ಟಲಿಕ್ಕೇ ಬಳಸಬೇಕು ಅಂತ ಹೇಳಿತು. ದುಡ್ಡಿನಾಸೆಗೆ ತಮ್ಮ ಮನೆಗೇ ಬೆಂಕಿ ಇಡುವವರನ್ನು ತಡೆಯುವುದು ಅದರ ಒಂದು ಉದ್ದೇಶ. ಕಂಪನಿಯೇ ಕೆಲಸ ಮಾಡಿಸಿದರೆ, ಕೆಲಸ ಸರಿ ಬಾರದಿದ್ದಾಗ ನೀವು ನೇರ ಕಂಪನಿಯನ್ನೇ ಕೇಳಬಹುದು. ಇದು ದೊಡ್ಡ ಅನುಕೂಲ.

ಎಷ್ಟು ಎಸ್ಟಿಮೇಟ್ ತರಿಸಬೇಕು? ಅದರಲ್ಲಿ ಏನೇನು ಇರಬೇಕು?

ಎರಡೋ ಮೂರೋ ಸಾಕು. ಎಷ್ಟು ಬೇಕು ಅಂತ ಕಂಪನಿಯನ್ನೇ ಕೇಳಿ. ಸಂಖ್ಯೆಗಿಂತ ಅದರೊಳಗೆ ಏನಿದೆ ಅನ್ನುವುದು ಮುಖ್ಯ.

"ಅಡುಗೆಮನೆ ಸೀಲಿಂಗ್ ರಿಪೇರಿ, ಒಟ್ಟು ಇಷ್ಟು" ಅಂತ ಒಂದೇ ಸಾಲಿನ ಎಸ್ಟಿಮೇಟು ಬಂದರೆ ವಾಪಸ್ ಕೊಡಿ. ಅದನ್ನು ನೋಡಿ ಸರ್ವೇಯರ್ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು? ಅವರು ಸುಲಭದ ದಾರಿ ಹಿಡಿದು ಒಟ್ಟು ಮೊತ್ತದಲ್ಲೇ ಒಂದಷ್ಟು ಕಡಿದುಬಿಡುತ್ತಾರೆ. ಅದರ ಬದಲು ಹೀಗೆ ಬಿಡಿಬಿಡಿಯಾಗಿ ಇರಲಿ: ಒಡೆದ ಪೈಪು ಹುಡುಕಲು ಎಷ್ಟು ಟೈಲ್ಸ್ ಕೀಳಬೇಕು, ಪೈಪು ಬದಲಿಸಲು ಎಷ್ಟು, ಸೀಲಿಂಗ್ ಎಷ್ಟು ಚದರ ಅಡಿ ಕೆಡವಬೇಕು, ಕಸ ಸಾಗಿಸಲು ಎಷ್ಟು, ಒಣಗಿಸಲು ಎಷ್ಟು ದಿನ, ಹೊಸ ಪ್ಲಾಸ್ಟರ್ ಎಷ್ಟು, ಬಣ್ಣ ಎಷ್ಟು ಕೋಟು, ವೈರಿಂಗ್ ಚೆಕ್ ಮಾಡಲು ಎಷ್ಟು. ಕೂಲಿ ಬೇರೆ, ಸಾಮಾನು ಬೇರೆ, ತೆರಿಗೆ ಬೇರೆ. ಅಳತೆ ಇಲ್ಲದ ಸಾಲು ಇರಬಾರದು.

ಇದರಲ್ಲಿ ಜನ ಮರೆಯುವುದು ಕಾಣದ ಕೆಲಸಗಳನ್ನು. ಸಾಮಾನು ಪಕ್ಕಕ್ಕಿಟ್ಟು ಮುಚ್ಚುವುದು, ಸಾರುವೆ ಕಟ್ಟುವುದು, ಕಸ ಹೊರಹಾಕುವುದು, ಕೊನೆಗೆ ಮನೆ ತೊಳೆಯುವುದು. ಇದೂ ರಿಪೇರಿಯ ಭಾಗವೇ. ಎಸ್ಟಿಮೇಟಿನಲ್ಲಿ ಇಲ್ಲದಿದ್ದರೆ ಆಮೇಲೆ ಕೇಳಿದಾಗ "ಇದು ಯಾವಾಗ ಸೇರಿತು?" ಅನ್ನುತ್ತಾರೆ.

ಇನ್ನೊಂದು ಮಾತು. ಹಾನಿಗೆ ಕಾರಣವಾದದ್ದು ಮತ್ತು ಅದರಿಂದ ಆದ ಹಾನಿ, ಇವೆರಡನ್ನೂ ಬೇರೆ ಬೇರೆ ಬರೆಸಿ. ಸವೆದ ಪೈಪನ್ನು ಬದಲಿಸುವ ಖರ್ಚು ಎಷ್ಟೋ ಪಾಲಿಸಿಗಳಲ್ಲಿ ಬರುವುದಿಲ್ಲ, ಆದರೆ ಆ ಪೈಪಿನಿಂದ ಹರಿದ ನೀರು ಹಾಳುಮಾಡಿದ ಸೀಲಿಂಗಿಗೆ ಬರುತ್ತದೆ. ಪೈಪನ್ನು ಹುಡುಕಲು ಗೋಡೆ ಒಡೆದ ಖರ್ಚು ಕೆಲವದರಲ್ಲಿ ಪ್ರತ್ಯೇಕವಾಗಿ ಸೇರಿರುತ್ತದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಬರಬೇಕಾದದ್ದೂ ಕೈಬಿಡುವ ಸಾಧ್ಯತೆ ಇದೆ.

ಸರ್ವೇಯರ್ ಬಂದಾಗ ಕೆಲಸದವರು ಅಲ್ಲಿ ಇರಬೇಕಾ?

ಇದ್ದರೆ ಬಹಳ ಒಳ್ಳೇದು. ಅದಕ್ಕೆ ಅವರ ಅರ್ಧ ದಿನದ ಕೂಲಿ ಕೊಡಬೇಕಾದರೂ ಕೊಡಿ. ಗೋಡೆಯ ಕೆಳಭಾಗ ಯಾಕೆ ಪೂರ್ತಿ ಕೆರೆಯಬೇಕು, ಒಂದು ಹಲಗೆ ಬದಲಿಸಿದರೆ ಯಾಕೆ ಸಾಲದು ಅನ್ನುವುದನ್ನು ನಿಮಗಿಂತ ಅವರು ಚೆನ್ನಾಗಿ ಹೇಳುತ್ತಾರೆ. ತೇವ ಅಳೆಯುವ ಮೀಟರ್ ಇದ್ದರೆ ತರಲು ಹೇಳಿ. "ಒದ್ದೆ ಇದೆ" ಅನ್ನುವುದಕ್ಕೂ, ಮರದಲ್ಲಿ ತೇವ 25 ಪರ್ಸೆಂಟ್ ತೋರಿಸುತ್ತಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಮರದ ತೇವ 20 ಪರ್ಸೆಂಟ್ ದಾಟಿ ಹಾಗೇ ಉಳಿದರೆ ಕೊಳೆಯುವ ಅಪಾಯ. ಇಂಥ ಅಂಕಿ ಇದ್ದರೆ ಸರ್ವೇಯರ್‌ಗೂ ಬರೆಯಲು ಸುಲಭ.

ಹೊರಡುವ ಮುಂಚೆ ಮೂವರೂ ಸೇರಿ ಏನೇನು ಮಾಡಬೇಕು ಅನ್ನುವ ಪಟ್ಟಿಯನ್ನು ಒಂದು ಹಾಳೆಯಲ್ಲಿ ಒಪ್ಪಿಕೊಳ್ಳಿ. ದರ ಆಮೇಲೆ ನಿಗದಿಯಾಗಲಿ, ಕೆಲಸದ ಪಟ್ಟಿ ಅವತ್ತೇ ಆಗಲಿ. ಮುಂದಿನ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಒಂದು ಹಾಳೆ ಇಲ್ಲದ್ದರಿಂದಲೇ ಬರುವುದು.

ಯಾವುದಕ್ಕೆಲ್ಲ ದುಡ್ಡು ಬರುವುದಿಲ್ಲ?

ಕಾಲ ಕಳೆದಂತೆ ತಾನಾಗಿ ಹಾಳಾದದ್ದಕ್ಕೆ ಬರುವುದಿಲ್ಲ. ತುಕ್ಕು, ಗೆದ್ದಲು, ವರ್ಷಗಟ್ಟಲೆ ಇಳಿದ ಪಸೆ, ನೋಡಿಕೊಳ್ಳದೆ ಬಿಟ್ಟ ತಾರಸಿ, ಮೊದಲೇ ಕೆಟ್ಟದಾಗಿ ಕಟ್ಟಿದ ಗೋಡೆ. ವಿಮೆ ಇರುವುದು ಅಚಾನಕ್ ಆಗುವ ಹಾನಿಗೆ. ಹಾಗಾಗಿ ಕೆಲಸದವರು ಬರೆಯುವ ಒಂದೊಂದು ಪದವೂ ಮುಖ್ಯ. ಗೊತ್ತಿಲ್ಲದೆ "ಹಳೇ ಸೋರಿಕೆ" ಅಂತ ಬಿಲ್ಲಿನಲ್ಲಿ ಗೀಚಿದರೆ ಅದೇ ನಿಮಗೆ ತಿರುಗಿಬೀಳುತ್ತದೆ. ಸುಳ್ಳು ಬರೆಸಿ ಅಂತ ನಾನು ಹೇಳುತ್ತಿಲ್ಲ. ಕಂಡದ್ದನ್ನು ಸರಿಯಾಗಿ ಬರೆಯಲಿ, ಊಹೆಯನ್ನು ಬರೆಯದಿರಲಿ.

ಎಸ್ಟಿಮೇಟಿಗಿಂತ ಕಡಿಮೆ ದುಡ್ಡು ಮಂಜೂರಾಗಿದೆ. ಯಾಕೆ?

ಸಾಮಾನ್ಯವಾಗಿ ನಾಲ್ಕು ಕಾರಣ ಇರುತ್ತವೆ. ಮೊದಲನೆಯದು, ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ನಿಮ್ಮ ಪಾಲು ಅಂತ ಪಾಲಿಸಿಯಲ್ಲೇ ಇರುತ್ತದೆ. ಎರಡನೆಯದು ಸವಕಳಿ. ಹತ್ತು ವರ್ಷ ಬಾಳುವ ಬಣ್ಣಕ್ಕೆ ಐದು ವರ್ಷ ಆಗಿದ್ದರೆ ಅರ್ಧ ಬೆಲೆ ಹಿಡಿಯುತ್ತಾರೆ. ಹೊಸದರ ಬೆಲೆಯನ್ನೇ ಕೊಡುವ ಪಾಲಿಸಿಗಳೂ ಇವೆ. ಆದರೆ ಅಂಥದ್ದರಲ್ಲೂ ಎಷ್ಟೋ ಸಲ ಮೊದಲು ಸವಕಳಿ ಕಳೆದು ಕೊಟ್ಟು, ಕೆಲಸ ಮುಗಿಸಿ ಬಿಲ್ಲು ತೋರಿಸಿದ ಮೇಲೆ ಉಳಿದದ್ದನ್ನು ಕೊಡುತ್ತಾರೆ. ಇದಕ್ಕೆ ಗಡುವು ಇರುತ್ತದೆ. ಕೆಲಸ ಎಳೆದಾಡಿ ಗಡುವು ಮೀರಿದರೆ ಆ ದುಡ್ಡು ಹೋಯಿತು.

ಮೂರನೆಯದನ್ನು ಕೇಳಿದಾಗ ಜನಕ್ಕೆ ನಿಜಕ್ಕೂ ಆಘಾತ ಆಗುತ್ತದೆ. ಮನೆಯನ್ನು ಮತ್ತೆ ಕಟ್ಟಲು 100 ಬೇಕು ಅಂದುಕೊಳ್ಳಿ. ನೀವು ವಿಮೆ ಮಾಡಿಸಿದ್ದು 60ಕ್ಕೆ. ಹಾನಿ ಆಗಿದ್ದು 10. "60ರ ಒಳಗೇ ಇದೆಯಲ್ಲ, ಪೂರ್ತಿ 10 ಬರುತ್ತದೆ" ಅಂತ ನೀವು ಅಂದುಕೊಳ್ಳುತ್ತೀರಿ. ಆದರೆ ಹಲವು ಪಾಲಿಸಿಗಳ ಪ್ರಕಾರ 40 ಭಾಗಕ್ಕೆ ನೀವೇ ವಿಮೆ ಕಂಪನಿ ಇದ್ದ ಹಾಗೆ. ಹಾಗಾಗಿ ಕೈಗೆ ಬರುವುದು 6, ಅದರಲ್ಲೂ ನಿಮ್ಮ ಪಾಲು ಕಳೆದು. ಕೆಲಸದವರಿಗೆ ಕೊಡಬೇಕಾದದ್ದು ಮಾತ್ರ ಪೂರ್ತಿ 10. ಕೆಲಸ ಒಪ್ಪಿಸುವ ಮುಂಚೆಯೇ ಈ ಲೆಕ್ಕ ಹಾಕಿ ನೋಡಿ.

ನಾಲ್ಕನೆಯದು ದರದ ವ್ಯತ್ಯಾಸ. ಇದರಲ್ಲಿ ಮಾತ್ರ ಹೋರಾಡಲು ಜಾಗ ಇದೆ. ಯಾವ ಸಾಲಿನಲ್ಲಿ ಎಷ್ಟು ಕಡಿದಿದ್ದೀರಿ ಅಂತ ಲಿಖಿತವಾಗಿ ಕೇಳಿ. "ಈ ದರಕ್ಕೆ ಈ ಕೆಲಸ ಮಾಡುವವರು ಸಿಗುತ್ತಿಲ್ಲ, ಇಲ್ಲಿ ಮೂವರ ಎಸ್ಟಿಮೇಟ್ ಇದೆ" ಅಂತ ಉತ್ತರಿಸಿ. ಬಿಡಿಬಿಡಿ ಎಸ್ಟಿಮೇಟ್ ಇದ್ದವರ ಮಾತು ಇಲ್ಲಿ ನಡೆಯುತ್ತದೆ.

"ನಿಮ್ಮ ಪಾಲಿನ ದುಡ್ಡನ್ನೂ ಬಿಲ್ಲಿನಲ್ಲಿ ಸೇರಿಸಿಬಿಡುತ್ತೇನೆ" ಅಂತ ಕೆಲಸದವರು ಹೇಳುತ್ತಿದ್ದಾರೆ. ಒಪ್ಪಬಹುದಾ?

ಬೇಡ. ಇದು ಮೋಸ, ಮತ್ತು ಸಹಿ ಹಾಕುವವರು ನೀವು. ಸಿಕ್ಕಿಬಿದ್ದರೆ ಬರೀ ಅಷ್ಟು ದುಡ್ಡು ಹೋಗುವುದಿಲ್ಲ, ಇಡೀ ಕ್ಲೇಮೇ ಬಿದ್ದುಹೋಗಬಹುದು. ಮುಂದೆ ಪಾಲಿಸಿ ಸಿಗುವುದೂ ಕಷ್ಟ. ಜೊತೆಗೆ, ಬಿಲ್ಲಿನಲ್ಲಿ ಸುಳ್ಳು ಸೇರಿಸಲು ಹಿಂಜರಿಯದವರು ನಿಮ್ಮ ಗೋಡೆಯೊಳಗೆ ಏನು ಸೇರಿಸುತ್ತಾರೋ, ಏನು ಬಿಡುತ್ತಾರೋ. ಅಂಥವರನ್ನು ಅಲ್ಲೇ ಕಳಿಸಿಬಿಡಿ.

ಬಿರುಗಾಳಿ ಬಂದು ಹೋದ ಮಾರನೇ ದಿನ ಯಾರೋ ಬಾಗಿಲಿಗೆ ಬಂದು ಕೆಲಸ ಕೇಳುತ್ತಿದ್ದಾರೆ.

ಬಂದವರೆಲ್ಲ ಕೆಟ್ಟವರು ಅಂತಲ್ಲ. ಆದರೆ "ಇವತ್ತೇ ಸಹಿ ಹಾಕಿದರೆ ಮಾತ್ರ ಈ ದರ" ಅಂದರೆ ಬಾಗಿಲು ಹಾಕಿಕೊಳ್ಳಿ. ಅವರನ್ನು ಒಬ್ಬರೇ ತಾರಸಿ ಅಥವಾ ಮಾಡಿನ ಮೇಲೆ ಹತ್ತಲು ಬಿಡಬೇಡಿ. ಚೆನ್ನಾಗಿದ್ದ ಹೆಂಚನ್ನೂ ಒಡೆದು ಫೋಟೋ ತೋರಿಸುವವರಿದ್ದಾರೆ.

ಅವರು ಕೊಡುವ ಕಾಗದವನ್ನು ಪೂರ್ತಿ ಓದಿ. ಕೆಲವರು ಪರಿಶೀಲನೆಗೆ ಒಪ್ಪಿಗೆ ಅಂತ ಹೇಳಿ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ, ನಿಮ್ಮ ಕ್ಲೇಮಿನ ದುಡ್ಡು ನೇರವಾಗಿ ಅವರಿಗೇ ಹೋಗಲಿ, ಕಂಪನಿಯ ಜೊತೆ ಮಾತುಕತೆಯನ್ನೂ ಅವರೇ ಮಾಡಲಿ ಅಂತ ಬರೆದಿರುತ್ತಾರೆ. ಅದಕ್ಕೆ ಸಹಿ ಹಾಕಿದ ಮೇಲೆ ಕೆಲಸ ಅರ್ಧಕ್ಕೆ ನಿಂತರೂ ನಿಮ್ಮ ಕೈಯಲ್ಲಿ ಹಿಡಿತ ಇರುವುದಿಲ್ಲ.

ಒಬ್ಬರನ್ನು ನಂಬಬಹುದಾ ಅಂತ ತಿಳಿಯುವುದು ಹೇಗೆ?

ಲೈಸೆನ್ಸ್ ಬೇಕಾದ ಕೆಲಸಕ್ಕೆ, ಅಂದರೆ ಕರೆಂಟು, ಗ್ಯಾಸ್ ಇಂಥದ್ದಕ್ಕೆ, ಲೈಸೆನ್ಸ್ ಇದೆಯಾ ನೋಡಿ. ಲೈಸೆನ್ಸ್ ಇಲ್ಲದವರು ಮುಟ್ಟಿದ ವೈರಿಂಗಿಗೆ ಮುಂದೆ ಕ್ಲೇಮು ಬಂದಾಗ ತಕರಾರು ಏಳಬಹುದು. ಅವರ ಕೈಯಿಂದ ಹಾನಿಯಾದರೆ ಭರಿಸಲು ಅವರದೇ ಆದ ವಿಮೆ ಇದೆಯಾ ಕೇಳಿ, ಇದ್ದರೆ ಅದರ ಅವಧಿ ನೋಡಿ.

ಹಿಂದೆ ಮಾಡಿದ ಕೆಲಸ ತೋರಿಸಿ ಅಂದಾಗ ಕಳೆದ ವಾರ ಮುಗಿದದ್ದನ್ನು ತೋರಿಸುತ್ತಾರೆ. ಹೊಸ ಬಣ್ಣ ಎಲ್ಲ ಕಡೆಯೂ ಚೆಂದವೇ. ಒಂದು ಮಳೆಗಾಲ ದಾಟಿದ ಕೆಲಸ ತೋರಿಸಿ ಅಂತ ಕೇಳಿ. ಆ ಮನೆಯವರ ಹತ್ತಿರ ಒಂದೇ ಪ್ರಶ್ನೆ ಕೇಳಿದರೆ ಸಾಕು: "ಏನಾದರೂ ತಪ್ಪಾದಾಗ ಫೋನ್ ಎತ್ತಿದರಾ?"

ಅಡ್ವಾನ್ಸ್ ಎಷ್ಟು ಕೊಡಬೇಕು?

ಸಾಮಾನು ತರಲು ಬೇಕಾದಷ್ಟು. ಉಳಿದದ್ದನ್ನು ಹಂತಕ್ಕೆ ಕಟ್ಟಿ: ಕೆಡವಿ ಒಣಗಿದ ಮೇಲೆ ಇಷ್ಟು, ಪ್ಲಾಸ್ಟರ್ ಮುಗಿದ ಮೇಲೆ ಇಷ್ಟು, ಕೊನೆಗೆ 10 ಪರ್ಸೆಂಟ್‌ನಷ್ಟನ್ನಾದರೂ ಎಲ್ಲ ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳಿ. ದಿನ ಲೆಕ್ಕಕ್ಕೆ ಹಂತ ಮಾಡಬೇಡಿ, ಮುಗಿದ ಕೆಲಸದ ಲೆಕ್ಕಕ್ಕೆ ಮಾಡಿ. ಕಂಪನಿಯಿಂದ ದುಡ್ಡು ಯಾವಾಗ ಬರುತ್ತದೆ ಅಂತ ಮೊದಲೇ ತಿಳಿದು ಅದಕ್ಕೆ ಹೊಂದುವಂತೆ ಹಂತ ಇಟ್ಟರೆ ನೀವು ಸಾಲ ತೆಗೆಯುವುದು ತಪ್ಪುತ್ತದೆ. ಮನೆಯ ಮೇಲೆ ಸಾಲ ಇದ್ದರೆ ಕ್ಲೇಮಿನ ದುಡ್ಡು ಬರುವಾಗ ಬ್ಯಾಂಕಿನ ಹೆಸರೂ ಸೇರಿರಬಹುದು. ಅದಕ್ಕೆ ಇನ್ನಷ್ಟು ದಿನ ಹಿಡಿಯುತ್ತದೆ ಅಂತ ಕೆಲಸದವರಿಗೆ ಮೊದಲೇ ಹೇಳಿಬಿಡಿ.

ಕೊಟ್ಟದ್ದೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ. ಕೈಯಲ್ಲಿ ಕೊಟ್ಟ ದುಡ್ಡಿಗೆ ರಸೀದಿ ಇಲ್ಲದಿದ್ದರೆ ಕ್ಲೇಮಿನಲ್ಲಿ ಅದು ಕೊಟ್ಟಂತೆಯೇ ಅಲ್ಲ. ದೊಡ್ಡ ಕಾಂಟ್ರಾಕ್ಟರ್ ಆದರೆ ಕೊನೇ ಕಂತಿಗೆ ಮುಂಚೆ, ಕೆಳಗೆ ದುಡಿದವರಿಗೂ ಸಾಮಾನಿನ ಅಂಗಡಿಗೂ ಬಾಕಿ ಇಲ್ಲ ಅಂತ ಬರೆಸಿಕೊಳ್ಳಿ. ದುಡಿದವರಿಗೆ ಕೂಲಿ ತಲುಪಿದೆಯಾ ಅಂತ ಅವರನ್ನೇ ಕೇಳಿದರೂ ತಪ್ಪೇನಿಲ್ಲ.

ಗೋಡೆ ಒಡೆದ ಮೇಲೆ ಒಳಗೆ ಇನ್ನೂ ಹಾನಿ ಕಾಣಿಸಿತು. ಈಗ?

ಕೆಲಸ ನಿಲ್ಲಿಸಿ. ಫೋಟೋ ತೆಗೆದು ಅವತ್ತೇ ಕಂಪನಿಗೆ ಕಳಿಸಿ, ಹೆಚ್ಚುವರಿ ಎಸ್ಟಿಮೇಟ್ ಹಾಕಿಸಿ, ಒಪ್ಪಿಗೆ ಬಂದ ಮೇಲೆ ಮುಂದುವರಿಸಿ. ಕೆಲಸದವರಿಗೆ ಬೇಸರ ಆಗುತ್ತದೆ, ಅವರ ದಿನ ಹಾಳಾಗುತ್ತದೆ. ಆದ್ದರಿಂದ ಹೀಗಾದರೆ ಎರಡು ದಿನ ನಿಲ್ಲಿಸಬೇಕಾಗಬಹುದು ಅಂತ ಒಪ್ಪಂದದಲ್ಲೇ ಬರೆದಿರಲಿ. ಮುಚ್ಚಿ ಪ್ಲಾಸ್ಟರ್ ಮಾಡಿದ ಮೇಲೆ ಒಳಗೆ ಏನಿತ್ತು ಅಂತ ಯಾರೂ ನಂಬುವುದಿಲ್ಲ.

ಬೇಗ ಬಣ್ಣ ಹೊಡೆದು ಮುಗಿಸಬಹುದಾ?

ಇದರಲ್ಲಿ ನಾನೇ ಎಡವಿದ್ದೇನೆ. ಪೇಂಟರ್ ಗೋಡೆ ಮುಟ್ಟಿ "ಒಣಗಿದೆ" ಅಂದರು, ನನಗೂ ಮುಗಿದರೆ ಸಾಕಾಗಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಎದ್ದು, ಒಂದು ಕಡೆ ಬೆರಳು ಒತ್ತಿದರೆ ಹಪ್ಪಳದ ಹಾಗೆ ಚಕ್ಕೆ ಬರುತ್ತಿತ್ತು, ಒಳಗೆ ಬಿಳಿ ಉಪ್ಪು. ಮತ್ತೆ ಕೆರೆದು ಮತ್ತೆ ಹೊಡೆಸಿದ್ದು ಪೂರ್ತಿ ನನ್ನ ದುಡ್ಡಲ್ಲಿ.

ಗೋಡೆ ಹೊರಗಿನಿಂದ ಒಣಗುತ್ತದೆ, ಒಳಗಿನ ನೀರು ನಿಧಾನಕ್ಕೆ ಹೊರಬರುತ್ತದೆ. ಬರುವಾಗ ಸಿಮೆಂಟು, ಇಟ್ಟಿಗೆಯ ಉಪ್ಪನ್ನು ಹೊತ್ತು ತರುತ್ತದೆ. ನೆಲಕ್ಕೆ ಹಾಸಿದ ಸಿಮೆಂಟಿಗೆ ಒಂದು ಲೆಕ್ಕ ಇದೆ: ಗಾಳಿ ಚೆನ್ನಾಗಿ ಆಡುತ್ತಿದ್ದರೆ ಒಣಗುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅಂದರೆ 50 ಮಿಲಿಮೀಟರ್ ದಪ್ಪಕ್ಕೆ ಹತ್ತಿರ ಹತ್ತಿರ 50 ದಿನ. ಇನ್ನೂ ದಪ್ಪ ಇದ್ದರೆ ಅದಕ್ಕಿಂತಲೂ ನಿಧಾನ. ಹೊಸ ಸಿಮೆಂಟ್ ಪ್ಲಾಸ್ಟರಿಗೆ ಮೊದಲ ಏಳು ದಿನವಾದರೂ ನೀರು ಹಾಕಿ ಕ್ಯೂರಿಂಗ್ ಮಾಡಬೇಕು, ಆಮೇಲೆ ಒಣಗಲು ಬಿಡಬೇಕು. ಇದರಲ್ಲಿ ಅವಸರ ಮಾಡಿದರೆ ಎಂಥ ಬಣ್ಣವೂ ನಿಲ್ಲುವುದಿಲ್ಲ.

ಕೈಯಲ್ಲಿ ಮುಟ್ಟಿ ನೋಡುವುದು ಪರೀಕ್ಷೆ ಅಲ್ಲ. ಮೀಟರ್ ಹಿಡಿಸಿ, ಅದೇ ಮನೆಯ ಒದ್ದೆಯಾಗದ ಗೋಡೆಯ ಅಂಕಿಯ ಜೊತೆ ಹೋಲಿಸಿ. ಎರಡೂ ಹತ್ತಿರ ಬಂದಾಗ ಬಣ್ಣ. ಒಣಗಿಸುವ ಯಂತ್ರದ ಬಾಡಿಗೆ, ಅದರ ಕರೆಂಟ್ ಖರ್ಚು ಪಾಲಿಸಿಯಲ್ಲಿ ಬರುತ್ತದೆಯಾ ಅಂತಲೂ ಕೇಳಿ.

ಹಳೇ ಟೈಲ್ಸಿಗೆ ಹೊಂದುವ ಟೈಲ್ಸ್ ಸಿಗುತ್ತಿಲ್ಲ. ಪೂರ್ತಿ ಬದಲಿಸಿ ಕೊಡುತ್ತಾರಾ?

ಪಾಲಿಸಿ ಮೇಲೆ ಹೋಗುತ್ತದೆ. ಕೆಲವದರಲ್ಲಿ ಹಾಳಾದಷ್ಟಕ್ಕೆ ಮಾತ್ರ, ಕೆಲವದರಲ್ಲಿ ಇಡೀ ಕೋಣೆಗೆ ಒಂದು ಪಾಲು. ಕೇಳುವ ಮುಂಚೆ ಎರಡು ಮೂರು ಅಂಗಡಿ ಸುತ್ತಿ, ಸಿಗಲಿಲ್ಲ ಅನ್ನುವುದನ್ನು ಬರೆಸಿಕೊಂಡು ಬನ್ನಿ.

ಹೇಗೂ ಕೆಲಸ ನಡೆಯುತ್ತಿದೆ. ಜೊತೆಗೆ ನಮ್ಮ ಬೇರೆ ಕೆಲಸವನ್ನೂ ಮಾಡಿಸಬಹುದಾ?

ಧಾರಾಳವಾಗಿ. ಬಿಲ್ಲು ಮಾತ್ರ ಪೂರ್ತಿ ಬೇರೆ ಇರಬೇಕು, ಎಸ್ಟಿಮೇಟೂ ಬೇರೆ. ಮೊದಲು ಸಾದಾ ಸಿಂಕ್ ಇತ್ತು, ಈಗ ದುಬಾರಿಯದ್ದು ಬೇಕು ಅಂದರೆ ಹೆಚ್ಚಿನದ್ದು ನಿಮ್ಮದು. ಇದನ್ನು ಸರ್ವೇಯರ್‌ಗೆ ನೀವೇ ಮೊದಲು ಹೇಳಿ. ಅವರಾಗಿ ಕಂಡುಹಿಡಿದರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ.

ಮನೆ ತುಂಬಾ ಹಳೇದು. ಒಡೆಯುವ ಮುಂಚೆ ಏನಾದರೂ ನೋಡಬೇಕಾ?

ನೋಡಲೇಬೇಕು. ಹಳೇ ಸಿಮೆಂಟ್ ಶೀಟು, ಹಳೇ ಪೈಪಿನ ಸುತ್ತಿನ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಕತ್ತರಿಸಿದಾಗ, ಉಜ್ಜಿದಾಗ ಏಳುವ ದೂಳು ಶ್ವಾಸಕೋಶಕ್ಕೆ, ಮಕ್ಕಳಿಗೆ ಬಹಳ ಕೆಟ್ಟದ್ದು. ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ, ಅದನ್ನು ತೆಗೆಯಲು ತಿಳಿದವರನ್ನೇ ಕರೆಯಿರಿ, ಆ ಖರ್ಚನ್ನು ಎಸ್ಟಿಮೇಟಿನಲ್ಲಿ ಹಾಕಿಸಿ. ಕೆಲಸಕ್ಕೆ ಬಂದವರ ಆರೋಗ್ಯವೂ ನಮ್ಮ ಜವಾಬ್ದಾರಿಯೇ.

ಕೆಲಸ ಮಾಡುವಾಗ ಯಾರಿಗಾದರೂ ಪೆಟ್ಟಾದರೆ?

ಅವರ ಮಾಲೀಕರ ವಿಮೆ ಮೊದಲು ಬರಬೇಕು. ಅದಿಲ್ಲದಿದ್ದರೆ ಹೊಣೆ ನಿಮ್ಮ ತಲೆಗೆ ಬರುವ ಸಾಧ್ಯತೆ ಇದೆ. ಅದಕ್ಕೇ ಕೆಲಸ ಶುರುವಾಗುವ ಮುಂಚೆ ಅವರ ವಿಮೆಯ ಕಾಗದ ನೋಡಿ ಅಂದದ್ದು. ಎತ್ತರದ ಕೆಲಸಕ್ಕೆ ಸರಿಯಾದ ಸಾರುವೆ, ಬೆಲ್ಟು ಇಲ್ಲದೆ ಹತ್ತಲು ಬಿಡಬೇಡಿ, ಎಷ್ಟೇ ಅವಸರ ಇದ್ದರೂ.

ನಾನೇ ರಿಪೇರಿ ಮಾಡಿಕೊಂಡರೆ ದುಡ್ಡು ಸಿಗುತ್ತದಾ?

ಸಾಮಾನಿನ ಖರ್ಚು ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಶ್ರಮಕ್ಕೆ ಕೆಲವರು ಒಂದು ದರ ಕಟ್ಟುತ್ತಾರೆ, ಕೆಲವರು ಕೊಡುವುದಿಲ್ಲ. ಮೊದಲೇ ಕೇಳಿ. ಕರೆಂಟು, ಗ್ಯಾಸ್ ಮಾತ್ರ ಮುಟ್ಟಬೇಡಿ.

ಕೆಲಸ ಮುಗಿಯಿತು ಅಂತಿದ್ದಾರೆ. ಕೊನೇ ಕಂತು ಕೊಡುವ ಮುಂಚೆ ಏನು ನೋಡಲಿ?

ನೋಡಿದರೆ ಸಾಲದು, ಪರೀಕ್ಷೆ ಮಾಡಿಸಿ. ಪೈಪಿನ ಕೆಲಸವಾದರೆ ಗೋಡೆ ಮುಚ್ಚುವ ಮುಂಚೆಯೇ ಪ್ರೆಶರ್ ಟೆಸ್ಟ್, ಅಂದರೆ ಪೈಪಿಗೆ ಒತ್ತಡ ಕೊಟ್ಟು ಸೋರುತ್ತದಾ ಅಂತ ನೋಡುವುದು, ಆಗಬೇಕು. ಬಾತ್‌ರೂಮ್ ಅಥವಾ ತಾರಸಿಯ ವಾಟರ್‌ಪ್ರೂಫಿಂಗ್ ಆದರೆ, ನೀರು ಹೋಗುವ ತೂತು ಮುಚ್ಚಿ ನೀರು ನಿಲ್ಲಿಸಿ, 24 ಗಂಟೆಯಾದರೂ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಡಿ. ಟೈಲ್ಸ್ ಕೂರಿಸುವ ಮುಂಚೆಯೇ ಇದನ್ನು ಮಾಡಿಸಬೇಕು, ಆಮೇಲೆ ಮಾಡಿದರೆ ಸೋರಿದಾಗ ಎಲ್ಲ ಕೀಳಬೇಕಾಗುತ್ತದೆ.

ನೆನೆದ ವೈರಿಂಗ್ ಇದ್ದರೆ, ವೈರಿನ ಹೊದಿಕೆಯಿಂದ ಕರೆಂಟು ಸೋರುತ್ತದಾ ಅಂತ ನೋಡುವ ಇನ್ಸುಲೇಷನ್ ಟೆಸ್ಟ್ ಮಾಡಿಸಿ ರೀಡಿಂಗ್ ಬರೆಸಿಕೊಳ್ಳಿ. ಮನೆಯ ವೈರಿಂಗಿಗೆ 500 ವೋಲ್ಟ್‌ನಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು ಅನ್ನುವುದು ಅಂತರರಾಷ್ಟ್ರೀಯ ಮಾನದಂಡ, ಒಳ್ಳೇ ವೈರಿಂಗಿನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಹೊಸ ಟೈಲ್ಸನ್ನು ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಚಾಕ್ ಗುರುತು ಹಾಕಿ. ಇದೆಲ್ಲ ಹಗಲು ಬೆಳಕಿನಲ್ಲಿ, ಕೆಲಸದವರ ಎದುರಲ್ಲೇ ಆಗಲಿ. ಕೆಲಸ ತೃಪ್ತಿಯಾಗಿದೆ ಅನ್ನುವ ಕಂಪನಿಯ ಕಾಗದಕ್ಕೆ ಸಹಿ ಹಾಕುವುದು ಇದಾದ ಮೇಲೆಯೇ.

ಆರು ತಿಂಗಳ ಮೇಲೆ ಮತ್ತೆ ಸೋರುತ್ತಿದೆ. ಯಾರನ್ನು ಕೇಳಲಿ?

ಕಂಪನಿಯೇ ಕಳಿಸಿದವರಾದರೆ ಕಂಪನಿಯನ್ನು. ನೀವು ಕರೆದವರಾದರೆ ಅವರನ್ನು. ಕೆಟ್ಟ ಕೆಲಸದ ಖರ್ಚು ಹೊಸ ಕ್ಲೇಮಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮೊದಲು ಫೋನು, ಬರದಿದ್ದರೆ ಫೋಟೋ ಸಮೇತ ಒಂದು ಪತ್ರ, ಅದರಲ್ಲಿ ಸರಿಪಡಿಸಲು ಒಂದು ತಾರೀಖು. ಕಂಪನಿಯ ಜೊತೆಗಿನ ತಕರಾರಾದರೆ ಅವರದೇ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಹಲವು ದೇಶಗಳಲ್ಲಿ ವಿಮೆಯ ದೂರುಗಳನ್ನು ಕೇಳಿ ಬಗೆಹರಿಸಲಿಕ್ಕೇ ಒಂಬುಡ್ಸ್‌ಮನ್ ಇದ್ದಾರೆ, ಅವರ ಬಳಿ ಹೋಗಲು ಸಾಮಾನ್ಯವಾಗಿ ವಕೀಲರು ಬೇಕಿಲ್ಲ.

ಇದಕ್ಕೆಲ್ಲ ಬೇಕಾದದ್ದು ಹಳೇ ಕಾಗದಗಳು. ಎಸ್ಟಿಮೇಟು, ಮೂವರು ಒಪ್ಪಿದ ಪಟ್ಟಿ, ಬಿಲ್ಲು, ಟೆಸ್ಟ್ ರೀಡಿಂಗು, ಗೋಡೆ ಮುಚ್ಚುವ ಮುಂಚಿನ ಫೋಟೋ, ಎಲ್ಲ ಒಂದೇ ಫೈಲಿನಲ್ಲಿರಲಿ. ಗೋಡೆಯೊಳಗೆ ಪೈಪು ಎಲ್ಲಿ ಹೋಗಿದೆ ಅನ್ನುವ ಫೋಟೋಗೆ ಪಕ್ಕದಲ್ಲಿ ಟೇಪು ಹಿಡಿದು ತೆಗೆಯಿರಿ, ನೆಲದಿಂದ ಎಷ್ಟು ಎತ್ತರ ಅಂತ ಕಾಣಬೇಕು. ಮುಂದೆ ಮೊಳೆ ಹೊಡೆಯುವ ದಿನ ಅದು ಬೇಕಾಗುತ್ತದೆ.